ಕೊಳದಲ್ಲಿ ಉಪ್ಪಿದೆ, ಕ್ಲೋರಿನ್ ಎಲ್ಲಿ ಹೋಯಿತು?

ನವೆಂಬರ್ ತಿಂಗಳ ಶನಿವಾರದ ಬೆಳಗು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಹೊರವಲಯದ ಬಡಾವಣೆ. ಬೀದಿಯುದ್ದಕ್ಕೂ ಜಕರಾಂಡ ಮರಗಳು ನೇರಳೆ ಹೂ ಸುರಿಸಿ ದಣಿದಿವೆ. ನಮ್ಮ ಬೆಂಗಳೂರಿನಲ್ಲಿ ಶಿವರಾತ್ರಿಯ ಆಸುಪಾಸಿಗೆ ಅರಳುವ ಅದೇ ಮರ. ಹಿತ್ತಿಲ ಬೇಲಿಯೊಳಗಿನ ಈಜುಕೊಳದ ಮೇಲೂ ಹೂ ತೇಲುತ್ತಿದೆ. ಮಧ್ಯಾಹ್ನಕ್ಕೆ ನಾಲ್ಕು ಮನೆಯ ಮಕ್ಕಳು ಈಜಲು ಬರುವವರಿದ್ದಾರೆ. ಅಡುಗೆಮನೆಯಲ್ಲಿ ಬಿಸಿಬೇಳೆಬಾತಿನ ಒಗ್ಗರಣೆ ಚಟಗುಟ್ಟುತ್ತಿದೆ. ಮನೆಯ ಯಜಮಾನರು ಮೊಣಕೈ ಮುಳುಗುವಷ್ಟು ಆಳಕ್ಕೆ ಕೈ ಇಳಿಸಿ, ಪುಟ್ಟ ಶೀಶೆಯಲ್ಲಿ ನೀರು ತುಂಬಿಕೊಂಡು, ಅದಕ್ಕೊಂದು ಮಾತ್ರೆ ಹಾಕಿ ಅಲ್ಲಾಡಿಸುತ್ತಾರೆ. ಗುಲಾಬಿ ಬಣ್ಣಕ್ಕೆ ತಿರುಗಬೇಕಿದ್ದ ನೀರು ಬಣ್ಣವೇ ಇಲ್ಲದೆ ಹಾಗೇ ನಿಲ್ಲುತ್ತದೆ.

ಕೊಳದ ನೀರು ತಿಳಿಯಾಗಿದೆ, ತಳದ ಹೆಂಚು ಎಣಿಸಬಹುದು. ಪಂಪಿನ ಪಕ್ಕದ ಕ್ಲೋರಿನೇಟರ್ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಿದೆ. ಆದರೂ ಕ್ಲೋರಿನ್ ಸೊನ್ನೆ.

ಆ ಯಜಮಾನರು ನನ್ನ ಭಾವ. ಆ ಬೇಸಿಗೆಯಲ್ಲಿ ನಾನು ಅಕ್ಕನ ಮನೆಯಲ್ಲಿದ್ದೆ. ಭಾವ ಶೀಶೆಯನ್ನು ಕಾರಿನಲ್ಲಿಟ್ಟುಕೊಂಡು ಹತ್ತಿರದ ಪೂಲ್ ಅಂಗಡಿಗೆ ಹೊರಟರು. ವಾರಕ್ಕೊಮ್ಮೆ ನೀರಿನ ಮಾದರಿ ಒಯ್ದು ತೋರಿಸುವುದು ಅಲ್ಲಿನವರಿಗೆ ರಕ್ತಪರೀಕ್ಷೆಗೆ ಹೋಗಿ ಬಂದಷ್ಟು ಸಹಜ. ಮರಳಿ ಬಂದಾಗ ಡಿಕ್ಕಿಯಲ್ಲಿ ಉಪ್ಪಿನ ಎರಡು ಮೂಟೆಗಳಿದ್ದವು. "ಉಪ್ಪು ಕಮ್ಮಿ ಇರಬಹುದು ಅಂದರು," ಎಂದರು ಭಾವ. ಅಕ್ಕ ಕೇಳಿದ ಪ್ರಶ್ನೆ ಸರಿಯಾಗಿತ್ತು: "ಇರಬಹುದು ಅಂದ್ರೆ? ಉಪ್ಪು ಅಳೆದು ನೋಡಿದ್ರಾ?"

ಆಸ್ಟ್ರೇಲಿಯಾದಲ್ಲಿ ಹಿತ್ತಿಲ ಈಜುಕೊಳಗಳ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಉಪ್ಪುನೀರಿನವು. ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡದ ಕುಟುಂಬಗಳು ಮನೆ ಕೊಂಡಾಗ ಎಷ್ಟೋ ಸಲ ಕೊಳವೂ ಜೊತೆಗೇ ಬರುತ್ತದೆ, ಅದನ್ನು ನೋಡಿಕೊಳ್ಳುವ ವಿದ್ಯೆ ಮಾತ್ರ ಬರುವುದಿಲ್ಲ. ಈಚೆಗೆ ಬೆಂಗಳೂರಿನ ವಿಲ್ಲಾಗಳಲ್ಲೂ, ಕೊಡಗಿನ ರೆಸಾರ್ಟುಗಳಲ್ಲೂ ಇಂಥ ಕೊಳಗಳಿವೆ. ಎಲ್ಲ ಕಡೆಯೂ ಎದುರಾಗುವ ತಕರಾರು ಇದೇ.

ಉಪ್ಪಿನೊಳಗೆ ಅಡಗಿರುವುದು

ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಇರುವುದಿಲ್ಲ ಎಂದು ನಂಬಿದವರು ಬಹಳ. ವಾಸ್ತವದಲ್ಲಿ ಅದೂ ಕ್ಲೋರಿನ್ ಕೊಳವೇ. ಹೊರಗಿನಿಂದ ಪುಡಿಯನ್ನೋ ದ್ರವವನ್ನೋ ತಂದು ಸುರಿಯುವ ಬದಲು ಅಲ್ಲಿ ಕ್ಲೋರಿನ್ ಆ ನೀರಿನಲ್ಲೇ ತಯಾರಾಗುತ್ತದೆ.

ಅಡುಗೆ ಉಪ್ಪು ಸೋಡಿಯಂ ಮತ್ತು ಕ್ಲೋರಿನ್ ಕೂಡಿದ ವಸ್ತು. ಉಪ್ಪು ಕರಗಿದ ನೀರಿಗೆ ವಿದ್ಯುತ್ ಹಾಯಿಸಿದರೆ ಒಂದು ತಗಡಿನ ಬಳಿ ಕ್ಲೋರಿನ್, ಇನ್ನೊಂದರ ಬಳಿ ಹೈಡ್ರೋಜನ್ ಗುಳ್ಳೆಗಳು ಹುಟ್ಟುತ್ತವೆ. ಹುಟ್ಟಿದ ಕ್ಲೋರಿನ್ ಕೂಡಲೇ ನೀರಿನಲ್ಲಿ ಕರಗಿ, ರೋಗಾಣುಗಳನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ತನ್ನ ಕೆಲಸ ಮುಗಿಸಿದ ಮೇಲೆ ಬಹುಪಾಲು ಮತ್ತೆ ಉಪ್ಪಿನ ರೂಪಕ್ಕೇ ಮರಳುತ್ತದೆ. ಅಂದರೆ ಉಪ್ಪು ಖರ್ಚಾಗಿ ಹೋಗುವುದಿಲ್ಲ, ಸುತ್ತು ಹೊಡೆಯುತ್ತಲೇ ಇರುತ್ತದೆ.

ವಿದ್ಯೆ ಹಳೆಯದು. ವೋಲ್ಟಾನ ಬ್ಯಾಟರಿಯ ಸುದ್ದಿ ಹಬ್ಬಿದ 1800ರಲ್ಲೇ ಇಂಗ್ಲೆಂಡಿನ ವಿಲಿಯಂ ಕ್ರೂಕ್‌ಶಾಂಕ್ ಉಪ್ಪುನೀರಿನಿಂದ ಹೀಗೆ ಕ್ಲೋರಿನ್ ಪಡೆದಿದ್ದ. ನಮ್ಮ ಕಾರವಾರದ ಪಕ್ಕದ ಬಿಣಗಾದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ನಡೆಯುವುದೂ ಇದೇ ರಸಾಯನಕ್ರಿಯೆ, ದೈತ್ಯ ಪ್ರಮಾಣದಲ್ಲಿ. ಅದು ಹಿತ್ತಿಲಿಗೆ ಇಳಿಯಲು ಬೇಗ ಸವೆಯದ ತಗಡು ಬೇಕಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬಾತ ಟೈಟೇನಿಯಂ ತಗಡಿನ ಮೇಲೆ ರುಥೇನಿಯಂ ಆಕ್ಸೈಡಿನ ತೆಳುಪದರ ಹಚ್ಚುವ ವಿಧಾನ ರೂಪಿಸಿದ ಮೇಲೆ ಆ ತೊಡಕು ಬಗೆಹರಿಯಿತು. ಕ್ಲೋರಿನೇಟರಿನ ಹೃದಯವಾದ ಸೆಲ್ ಅಂದರೆ ಅಂಥ ತಗಡುಗಳನ್ನು ಸಾಲಾಗಿ ಜೋಡಿಸಿದ ಒಂದು ಕೊಳವೆ.

ಕೊಳಕ್ಕೆ ಬೇಕಾಗುವ ಉಪ್ಪು ಲೀಟರಿಗೆ ಸುಮಾರು 4 ಗ್ರಾಂ, ಅಂದರೆ 4,000 ಪಿಪಿಎಂ. ಯಂತ್ರಕ್ಕೆ ತಕ್ಕಂತೆ ಇದು 3,000ದಿಂದ 6,000ದವರೆಗೆ ಇರುತ್ತದೆ. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ 35 ಗ್ರಾಂ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿಯಲ್ಲಿ 9 ಗ್ರಾಂ. ಕಣ್ಣೀರಿಗಿಂತಲೂ ಸಪ್ಪೆಯಾದ ಈ ನೀರು ನಾಲಿಗೆಗೆ ಉಪ್ಪೆನಿಸುವುದೇ ಕಷ್ಟ.

ಮೊದಲು ಅಳತೆಯನ್ನೇ ಅನುಮಾನಿಸಿ

ಮಾತ್ರೆ ಹಾಕಿದರೂ ಬಣ್ಣ ಬರಲಿಲ್ಲ ಎಂದರೆ ಕ್ಲೋರಿನ್ ಇಲ್ಲ ಎಂದೇ ಅರ್ಥವಲ್ಲ. ವಿಪರೀತ ಇದ್ದರೂ ಹೀಗಾಗುತ್ತದೆ. ಪ್ರಮಾಣ 10 ಪಿಪಿಎಂ ದಾಟಿದಾಗ ಕ್ಲೋರಿನ್ ಆ ಗುಲಾಬಿ ಬಣ್ಣವನ್ನೇ ಬಿಳಿಚಿಸಿಬಿಡುವುದುಂಟು; ಬಟ್ಟೆಯ ಕಲೆ ಅಳಿಸುವುದೂ ಇದೇ ಗುಣ. ಮಾತ್ರೆ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅನುಮಾನಿಸಬೇಕು. ಕೊಳದ ನೀರಿಗೆ ಅರ್ಧಕ್ಕರ್ಧ ಭಟ್ಟಿಯಿಳಿಸಿದ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಎರಡರಿಂದ ಗುಣಿಸಿದರೆ ನಿಜಾಂಶ ತಿಳಿಯುತ್ತದೆ. ಸೊನ್ನೆ ಎಂದುಕೊಂಡು ಇನ್ನಷ್ಟು ಕ್ಲೋರಿನ್ ಸುರಿದು ಮಕ್ಕಳ ಕಣ್ಣು ಕೆಂಪಾಗಿಸುವ ತಪ್ಪು ಇದರಿಂದ ತಪ್ಪುತ್ತದೆ.

ಅವಧಿ ಮುಗಿದ ಮಾತ್ರೆ, ತೇವ ತಾಕಿದ ಪರೀಕ್ಷಾ ಪಟ್ಟಿ ಎರಡೂ ಸುಳ್ಳು ಹೇಳುತ್ತವೆ. ಸೆಲ್ಲಿನಿಂದ ಬರುವ ನೀರು ಕೊಳಕ್ಕೆ ಬೀಳುವ ಬಾಯಿಯ ಬಳಿ ಮಾದರಿ ತೆಗೆಯಬಾರದು.

ಜಮಾ ಎಷ್ಟು, ಖರ್ಚು ಎಷ್ಟು

ಕ್ಲೋರಿನ್ ಸಂಬಳದ ಹಾಗೆ. ದಿನವೂ ಬರುತ್ತದೆ, ದಿನವೂ ಹೋಗುತ್ತದೆ. ಕೈ ಬರಿದಾಯಿತೆಂದರೆ ವರಮಾನ ಇಳಿದಿರಬೇಕು, ಇಲ್ಲವೇ ಖರ್ಚು ಏರಿರಬೇಕು. ಇವೆರಡರಲ್ಲಿ ಯಾವುದೆಂದು ತಿಳಿಯದೆ ಹಾಕಿದ ಉಪ್ಪು, ತಂದ ಔಷಧಿ, ಕೊಂಡ ಹೊಸ ಸೆಲ್ ಎಲ್ಲವೂ ದಂಡ. ಅಂಗಡಿಯಲ್ಲಿ ಬಿಕರಿಯಾಗುವ ಡಬ್ಬಿಗಳಿಗಿಂತ ಒಂದು ಹಾಳೆ, ಒಂದು ಪೆನ್ನು ಇಲ್ಲಿ ಹೆಚ್ಚು ಉಪಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಕ್ಕನ ಮನೆಯ ಕೊಳದ ಲೆಕ್ಕವನ್ನೇ ನೋಡಿ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ. ಹೆಚ್ಚುಕಡಿಮೆ 50,000 ಲೀಟರ್. ಒಂದು ಪಿಪಿಎಂ ಎಂದರೆ ಸಾವಿರ ಲೀಟರಿಗೆ ಒಂದು ಗ್ರಾಂ. ಹಾಗಾಗಿ ಈ ಕೊಳದಲ್ಲಿ ಕ್ಲೋರಿನ್ ಒಂದು ಪಿಪಿಎಂ ಏರಲು 50 ಗ್ರಾಂ ಬೇಕು. ಅವರ ಸೆಲ್ ಗಂಟೆಗೆ 25 ಗ್ರಾಂ ತಯಾರಿಸುವಂಥದ್ದು. ಗಂಟೆಗೆ ಅರ್ಧ ಪಿಪಿಎಂ ಆಯಿತು. ಚಳಿಗಾಲದಲ್ಲಿ ವಿದ್ಯುತ್ ಉಳಿಸಲೆಂದು ಭಾವ ಟೈಮರನ್ನು ದಿನಕ್ಕೆ 4 ಗಂಟೆಗೆ ಇಳಿಸಿದ್ದರು. ನವೆಂಬರ್ ಬಂದರೂ ಅದನ್ನು ಮುಟ್ಟಿರಲಿಲ್ಲ. ಅಂದರೆ ದಿನದ ಸಂಪಾದನೆ 2 ಪಿಪಿಎಂ. ಬೇಸಿಗೆಯ ಬಿಸಿಲಲ್ಲಿ, ಮಕ್ಕಳು ಈಜುವ ಕೊಳದ ದಿನದ ಖರ್ಚು 2ರಿಂದ 4 ಪಿಪಿಎಂ. ಯಂತ್ರ ಸರಿಯಿದ್ದೂ ಕೊಳ ಸಾಲಕ್ಕೆ ಬಿದ್ದದ್ದು ಹೀಗೆ.

ಕ್ಲೋರಿನ್ ಕಡಿಮೆಯಾದಾಗ ಮೊದಲು ನೋಡಬೇಕಾದದ್ದು ಟೈಮರ್. ಬೇಸಿಗೆಯಲ್ಲಿ 8ರಿಂದ 10 ಗಂಟೆ ಓಡಿಸುವುದು ಸಾಮಾನ್ಯ. ಯಂತ್ರದ ಮೇಲಿನ ಶೇಕಡಾವಾರು ಗುಂಡಿಯನ್ನೂ ನೋಡಬೇಕು. 50ಕ್ಕೆ ನಿಂತಿದ್ದರೆ 8 ಗಂಟೆ ಓಡಿದರೂ ಕೈಗೆ ಸಿಗುವುದು 4 ಗಂಟೆಯ ಕ್ಲೋರಿನ್.

ಬಿಸಿಲು ನುಂಗುವ ಪಾಲು

ಖರ್ಚಿನ ಬಾಬತ್ತಿನಲ್ಲಿ ಬಿಸಿಲಿನದು ಸಿಂಹಪಾಲು. ಯಾವ ರಕ್ಷಣೆಯೂ ಇಲ್ಲದ ಕ್ಲೋರಿನ್ ನೆತ್ತಿ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಅರ್ಧಕ್ಕಿಳಿಯುತ್ತದೆ. ಬೆಳಗಿನಿಂದ ಯಂತ್ರ ದುಡಿದದ್ದನ್ನೆಲ್ಲ ಮಧ್ಯಾಹ್ನದ ನೇರಳಾತೀತ ಕಿರಣ ತಿಂದು ಮುಗಿಸುತ್ತದೆ.

ಇದಕ್ಕೆ ಕೊಡೆ ಹಿಡಿಯುವ ವಸ್ತು ಸಯನ್ಯೂರಿಕ್ ಆಮ್ಲ. ಅಂಗಡಿಗಳಲ್ಲಿ ಸ್ಟೆಬಿಲೈಸರ್ ಎಂದೋ ಕಂಡಿಷನರ್ ಎಂದೋ ಸಿಗುತ್ತದೆ. ಕ್ಲೋರಿನನ್ನು ಸಡಿಲವಾಗಿ ಹಿಡಿದುಕೊಂಡು, ಬಿಸಿಲಿನಿಂದ ಕಾಪಾಡಿ, ಬೇಕಾದಾಗ ಬಿಟ್ಟುಕೊಡುವುದು ಅದರ ಗುಣ. ಉಪ್ಪುನೀರಿನ ಬಯಲುಕೊಳದಲ್ಲಿ 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದು. ಕೆಲವು ತಯಾರಕರು ಅದಕ್ಕಿಂತ ಹೆಚ್ಚನ್ನೂ ಕೇಳುತ್ತಾರೆ. ಇದು ತಾನಾಗಿ ಆವಿಯಾಗುವುದಿಲ್ಲ, ಆದರೆ ಮಳೆಗೆ ಕೊಳ ತುಂಬಿ ಹರಿದಾಗ, ಫಿಲ್ಟರ್ ಬ್ಯಾಕ್‌ವಾಶ್ ಮಾಡಿದಾಗ ನೀರಿನೊಂದಿಗೆ ಹೊರಟುಹೋಗುತ್ತದೆ. 2022ರಲ್ಲಿ ಸಿಡ್ನಿಯ ಮಳೆ 1950ರ ದಾಖಲೆಯನ್ನು ಮುರಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬ್ರಿಸ್ಬೇನ್ ನೆರೆಯಲ್ಲಿ ಮುಳುಗಿತು. ಅಂಥ ಮಳೆಯಾದ ಮೇಲೆ ಕೊಳದ ಪ್ರತಿಯೊಂದು ಅಂಕಿಯನ್ನೂ ಹೊಸದಾಗಿ ಅಳೆಯಬೇಕು.

ಸ್ಟೆಬಿಲೈಸರ್ ಅತಿಯಾದರೂ ಕಷ್ಟವೇ. ಕ್ಲೋರಿನನ್ನು ಬಿಗಿಯಾಗಿ ಅಪ್ಪಿಕೊಂಡು ಕೆಲಸಕ್ಕೆ ಬಿಡುವುದಿಲ್ಲ; ಅಳತೆಯಲ್ಲಿ 2 ಪಿಪಿಎಂ ಕಂಡರೂ ಪಾಚಿ ಬೆಳೆಯುತ್ತದೆ. ಆತುರಕ್ಕೆ ಕೊಳಕ್ಕೆ ಹಾಕುವ ಟ್ರೈಕ್ಲೋರ್ ಬಿಲ್ಲೆಗಳಲ್ಲಿ ಕ್ಲೋರಿನ್ ಜೊತೆಗೆ ಇದೂ ಅಡಗಿರುತ್ತದೆ: 10 ಪಿಪಿಎಂ ಕ್ಲೋರಿನ್ ಕೊಟ್ಟರೆ 6 ಪಿಪಿಎಂನಷ್ಟು ಸಯನ್ಯೂರಿಕ್ ಆಮ್ಲವನ್ನೂ ಸೇರಿಸುತ್ತದೆ. ಏರಿದ್ದನ್ನು ಇಳಿಸಲು ಇರುವ ಸುಲಭ ದಾರಿ ನೀರು ಚೆಲ್ಲಿ ಹೊಸ ನೀರು ತುಂಬುವುದು. ಬೆಂಗಳೂರಿನಲ್ಲಿ ಅದು ಎಷ್ಟು ದುಬಾರಿ ಎಂದು ಹೇಳಬೇಕಿಲ್ಲ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಸ್ಟೆಬಿಲೈಸರನ್ನು ಮೊದಲಿನಿಂದಲೇ ಹಿಡಿತದಲ್ಲಿಟ್ಟರೆ ಸಾವಿರಾರು ಲೀಟರ್ ಉಳಿಯುತ್ತದೆ.

ಒಂದು ರಾತ್ರಿಯ ಪರೀಕ್ಷೆ

ಇಡೀ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ದುಬಾರಿ ಉಪಕರಣ ಬೇಡ, ನಿದ್ದೆಯಿಂದ ಸ್ವಲ್ಪ ಬೇಗ ಏಳಬೇಕು ಅಷ್ಟೆ.

ಸಂಜೆ ಸೂರ್ಯ ಮುಳುಗಿದ ಮೇಲೆ ಕ್ಲೋರಿನೇಟರಿನ ಉತ್ಪಾದನೆ ನಿಲ್ಲಿಸಿ, ಪಂಪು ಮಾತ್ರ ಓಡಲು ಬಿಡಬೇಕು. ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೆ ದ್ರವ ಕ್ಲೋರಿನ್ ಹಾಕಬೇಕು. ಚೆನ್ನಾಗಿ ಬೆರೆತ ಮೇಲೆ ಅಳೆದು ಬರೆದಿಡಬೇಕು. ಮರುದಿನ ಬಿಸಿಲು ನೀರಿಗೆ ತಾಗುವ ಮುಂಚೆ ಮತ್ತೆ ಅಳೆಯಬೇಕು. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ, ಹೊಸ ಉತ್ಪಾದನೆಯೂ ಇಲ್ಲ. ಆದರೂ ಕ್ಲೋರಿನ್ ಒಂದು ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನೊಳಗೇ ಅದನ್ನು ತಿನ್ನುವುದೇನೋ ಇದೆ. ಹೆಚ್ಚಿನ ಸಲ ಅದು ಪಾಚಿ. ಕಣ್ಣಿಗೆ ಹಸಿರು ಕಾಣುವ ಮೊದಲೇ ಅದು ಕ್ಲೋರಿನ್ ತಿನ್ನಲು ಆರಂಭಿಸಿರುತ್ತದೆ. ಕೊಳೆತ ಹೂ, ಎಲೆ, ಬೆವರು, ಸನ್‌ಸ್ಕ್ರೀನ್, ಮಕ್ಕಳ ಮೂತ್ರ ಇವೂ ಸೇರುತ್ತವೆ.

ಬೆವರು ಮತ್ತು ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಹುಟ್ಟುತ್ತದೆ. 'ಕೊಳದಲ್ಲಿ ಕ್ಲೋರಿನ್ ಘಾಟು ಜಾಸ್ತಿ' ಎಂದು ನಾವು ಮೂಗು ಮುಚ್ಚಿಕೊಳ್ಳುವ ವಾಸನೆ ಅದರದ್ದು. ಘಾಟು ಬಂದರೆ ಕೆಲಸ ಮಾಡಬಲ್ಲ ಕ್ಲೋರಿನ್ ಸಾಲದಾಗಿದೆ ಎಂದೇ ತಿಳಿಯಬೇಕು. ಈಜುವ ಮುನ್ನ ಮಕ್ಕಳಿಗೆ ಒಂದು ಚೊಂಬು ನೀರು ಮೈಮೇಲೆ ಹುಯ್ಯುವ ಪದ್ಧತಿ ಇದಕ್ಕೇ.

ಅಕ್ಕನ ಮನೆಯಲ್ಲಿ ಅಂದು ಸಂಜೆ ಶೇಕಡಾ 12.5ರ ದ್ರವ ಕ್ಲೋರಿನ್ 3 ಲೀಟರ್ ಹಾಕಿದೆವು. ಲೆಕ್ಕದಂತೆ ಏಳೂವರೆ ಪಿಪಿಎಂ ಆಗಬೇಕು, ಆಯಿತು. ಬೆಳಗ್ಗೆ ಕೂಕಬರ ಹಕ್ಕಿಗಳು ನಗಲು ಶುರುಮಾಡಿದ ಹೊತ್ತಿಗೆ ಅಳೆದಾಗ 4. ಮೂರೂವರೆ ಪಿಪಿಎಂ ರಾತ್ರೋರಾತ್ರಿ ಮಾಯ. ಏಣಿಯ ಹಿಂಭಾಗಕ್ಕೆ ಬೆರಳಾಡಿಸಿದರೆ ಲೋಳೆ ಅಂಟಿತು.

ಪಾಚಿಗೆ ಮದ್ದು ಕ್ಲೋರಿನ್ನೇ, ಅದೂ ಪಾಚಿ ಸಾಯುವವರೆಗೆ ಅದರ ಪ್ರಮಾಣ ಇಳಿಯಗೊಡದಂತೆ. ಈ ಕೆಲಸವನ್ನು ಸೆಲ್ಲಿಗೆ ವಹಿಸಿದರೆ ನಿಧಾನವಾಗಿ ದುಡಿಯುವ ಅದರ ಆಯುಸ್ಸು ಸವೆಯುತ್ತದೆ. ದ್ರವ ಕ್ಲೋರಿನ್ನಿನಿಂದ ಒಮ್ಮೆಲೇ ಏರಿಸಿ, ಗೋಡೆ ತಿಕ್ಕಿ, ಫಿಲ್ಟರ್ ತೊಳೆದು, ಆಮೇಲೆ ದಿನದ ಪಾಲನೆಯನ್ನು ಸೆಲ್ಲಿಗೆ ಒಪ್ಪಿಸಬೇಕು. ಒಂದು ಎಚ್ಚರ ಮಾತ್ರ ಯಾವತ್ತೂ ತಪ್ಪಬಾರದು: ಒಂದು ಬಗೆಯ ಕ್ಲೋರಿನ್ನಿಗೆ ಇನ್ನೊಂದನ್ನು, ಯಾವ ಕ್ಲೋರಿನ್ನಿಗೂ ಆಸಿಡ್ಡನ್ನು ಬೆರೆಸಕೂಡದು. ಒಂದೇ ಮಗ್ಗಿನಲ್ಲಿ ಎರಡನ್ನೂ ಅಳೆಯಕೂಡದು. ವಿಷಾನಿಲ ಏಳುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು.

ಸೊನ್ನೆ ಕ್ಲೋರಿನ್ನಿನ ಅಪಾಯ

ತಿಳಿನೀರು ಎಂದರೆ ಶುದ್ಧನೀರು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಆದರೆ ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳು ತಿನ್ನುವ ಅಮೀಬಾದ ಸುದ್ದಿ ಬಂದಾಗ ಕರ್ನಾಟಕದ ತಂದೆತಾಯಂದಿರೂ ಬೆಚ್ಚಿದ್ದರು. ಆ ರೋಗಾಣುಗಳಲ್ಲಿ ಪ್ರಮುಖವಾದ ನೇಗ್ಲೇರಿಯಾ ಫೌಲೆರಿಯ ಹೆಸರಿನಲ್ಲೇ ಆಸ್ಟ್ರೇಲಿಯಾ ಇದೆ. ಅಡಿಲೇಡ್ ನಗರದ ಮಕ್ಕಳ ಆಸ್ಪತ್ರೆಯ ಮಾಲ್ಕಂ ಫೌಲರ್ ಮತ್ತು ರಾಡ್ನಿ ಕಾರ್ಟರ್ 1965ರಲ್ಲಿ ಈ ಕಾಯಿಲೆಯನ್ನು ಲೋಕಕ್ಕೆ ವಿವರಿಸಿದರು. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಈ ಜೀವಿ ಮೂಗಿನ ಮೂಲಕ ಮಿದುಳಿಗೆ ಏರುತ್ತದೆ. ಬಹಳ ಅಪರೂಪ, ಆದರೆ ತಗಲಿದರೆ ಉಳಿಯುವವರು ತೀರಾ ಕಡಿಮೆ. ಸಮುದ್ರದ ಉಪ್ಪಿನಲ್ಲಿ ಅದು ಬದುಕದು. ಈಜುಕೊಳದ ಅಲ್ಪ ಉಪ್ಪನ್ನು ನೆಚ್ಚುವಂತಿಲ್ಲ. ಅಲ್ಲಿ ಕಾಯುವುದು ಕ್ಲೋರಿನ್ ಒಂದೇ. ಕಿವಿನೋವು, ಚರ್ಮದ ಗುಳ್ಳೆ, ಭೇದಿಯಂಥ ಸಾಮಾನ್ಯ ತೊಂದರೆಗಳ ಮಾತೂ ಅಷ್ಟೆ. ಕ್ಲೋರಿನ್ ಸೊನ್ನೆಯಿರುವ ಕೊಳಕ್ಕೆ, ಮಕ್ಕಳು ಎಷ್ಟೇ ಹಟ ಮಾಡಲಿ, ಇಳಿಯಗೊಡಬಾರದು.

ಕನಿಷ್ಠ ಪ್ರಮಾಣ ಒಂದು ಪಿಪಿಎಂ, ಸ್ಟೆಬಿಲೈಸರ್ ಇರುವ ಕೊಳದಲ್ಲಿ 2 ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಆಸ್ಟ್ರೇಲಿಯಾದಲ್ಲಿ 3 ಎಂದೂ ಹೇಳುತ್ತಾರೆ. ನಮ್ಮ ಕುಡಿಯುವ ನೀರಿನ ಮಾನದಂಡ ನಲ್ಲಿ ನೀರಿನಲ್ಲಿ ಉಳಿದಿರಬೇಕೆನ್ನುವ ಕ್ಲೋರಿನ್ 0.2 ಪಿಪಿಎಂ. ಹತ್ತಾರು ಮೈಗಳು ಇಳಿಯುವ ನೀರಿಗೆ ಅದರ ಎಷ್ಟೋ ಪಟ್ಟು ಬೇಕಾಗುವುದು ಸಹಜವೇ.

ಕೊನೆಗೆ ಯಂತ್ರದ ಸರದಿ

ಟೈಮರ್ ಸರಿ, ಸ್ಟೆಬಿಲೈಸರ್ ಸರಿ, ರಾತ್ರಿಯ ಪರೀಕ್ಷೆಯಲ್ಲೂ ನೀರು ಪಾಸಾಯಿತು. ಆದರೂ ಕ್ಲೋರಿನ್ ಏರದಿದ್ದರೆ ಆಗ ಯಂತ್ರದ ಕಡೆ ತಿರುಗಬೇಕು.

ನೀರಿನ ಹರಿವು ಮೊದಲು. ಸೆಲ್ಲಿನಲ್ಲಿ ಹೈಡ್ರೋಜನ್ ಹುಟ್ಟುವುದರಿಂದ ಹರಿವು ನಿಂತರೆ ಅನಿಲ ಶೇಖರವಾಗಿ ಸಿಡಿಯುವ ಅಪಾಯವಿದೆ. ಅದಕ್ಕೇ ಹರಿವು ಕುಗ್ಗಿದೊಡನೆ ಯಂತ್ರ ಕ್ಲೋರಿನ್ ತಯಾರಿಕೆ ನಿಲ್ಲಿಸುತ್ತದೆ. ನೀರಿನ ಮೇಲೆ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯಲ್ಲಿ ತುಂಬಿದ ಜಕರಾಂಡ ಹೂವೇ ಎಷ್ಟೋ ಮನೆಗಳಲ್ಲಿ 'ಕೆಟ್ಟ ಯಂತ್ರ'ದ ಹಿಂದಿನ ಕಾರಣ.

ಆಮೇಲೆ ಸುಣ್ಣದ ಕಲೆ. ಬೆಂಗಳೂರಿನ ಬೋರ್‌ವೆಲ್ ನೀರು ಕಾಸಿದ ಗೀಜರ್ ಕಾಯಿಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಬಿಳಿ ಹರಳು ಸೆಲ್ಲಿನ ತಗಡುಗಳ ನಡುವೆ ಕಟ್ಟಿಕೊಂಡರೆ ವಿದ್ಯುತ್ ಸರಿಯಾಗಿ ಹಾಯುವುದಿಲ್ಲ. ಹೊಸ ಯಂತ್ರಗಳು ವಿದ್ಯುತ್ತಿನ ದಿಕ್ಕು ಬದಲಿಸಿ ತಾವೇ ಇದನ್ನು ಉದುರಿಸಿಕೊಳ್ಳುತ್ತವೆ. ಹಳೆಯವನ್ನು ಬಿಚ್ಚಿ, ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಹತ್ತು ಪಾಲು ನೀರಿನ ಮಿಶ್ರಣದಲ್ಲಿ ಕೆಲವೇ ನಿಮಿಷ ನೆನೆಸಬೇಕು. ನೀರಿಗೆ ಆಸಿಡ್ ಹಾಕಬೇಕು. ಆಸಿಡ್ಡಿಗೆ ನೀರು ಹಾಕಿದರೆ ಸಿಡಿಯುತ್ತದೆ. ತಗಡನ್ನು ಕೆರೆದರೆ ಆ ತೆಳುಪದರವೇ ಕಿತ್ತುಬರುತ್ತದೆ.

ಸುಣ್ಣ ಕಟ್ಟಲು ಮುಖ್ಯ ಕಾರಣ ಪಿಎಚ್ ಏರಿಕೆ. ಸೆಲ್ಲಿನ ಗುಳ್ಳೆಗಳು ನೀರನ್ನು ಕಲಕಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದರಿಂದ ಉಪ್ಪುನೀರಿನ ಕೊಳದಲ್ಲಿ ಪಿಎಚ್ ಸದಾ ಮೇಲೇರುತ್ತಿರುತ್ತದೆ. 7.5ರಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಚುರುಕು ರೂಪದಲ್ಲಿದ್ದರೆ 8ರಲ್ಲಿ ಕಾಲು ಭಾಗವೂ ಇರುವುದಿಲ್ಲ. ಸ್ಟೆಬಿಲೈಸರ್ ಇದ್ದಾಗ ಈ ಅಂತರ ತಗ್ಗುತ್ತದೆ, ಅಳಿಯುವುದಿಲ್ಲ. ವಾರಕ್ಕೊಮ್ಮೆ ಅಳೆದು ಆಸಿಡ್ಡಿನಿಂದ 7.4ರ ಆಸುಪಾಸಿಗೆ ತರುವುದು ಮಾಮೂಲಿ ಕೆಲಸ.

ಮೆಲ್ಬರ್ನ್‌ನ ಜುಲೈ ಚಳಿಯಲ್ಲಿ ಯಂತ್ರ ನಿಂತರೆ ಗಾಬರಿ ಬೇಡ. ನೀರು 15 ಡಿಗ್ರಿಗಿಂತ ತಣ್ಣಗಾದರೆ ಹಲವು ಯಂತ್ರಗಳು ಉತ್ಪಾದನೆ ಕುಗ್ಗಿಸುತ್ತವೆ ಅಥವಾ ನಿಲ್ಲಿಸುತ್ತವೆ. ಸೆಲ್ಲಿಗೂ ಆಯುಸ್ಸಿದೆ, ಸಾಮಾನ್ಯವಾಗಿ 3ರಿಂದ 7 ವರ್ಷ. ಪದರ ಸವೆದ ಮೇಲೆ ಯಾವ ತೊಳೆತವೂ ಫಲಿಸದು.

ಎಲ್ಲ ಮುಗಿದ ಮೇಲೆ ಉಪ್ಪು. ಅಕ್ಕನ ಕೊಳದಲ್ಲಿ 4,000 ಪಿಪಿಎಂ ಎಂದರೆ 200 ಕಿಲೋ ಉಪ್ಪು ಕರಗಿರಬೇಕು. ಕೊಳದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದು, ಅಷ್ಟೂ ನೀರು ತುಂಬಿ ಹರಿದುಹೋದರೆ ಅದರೊಂದಿಗೆ ಹೋಗುವ ಉಪ್ಪು ಸುಮಾರು 13 ಕಿಲೋ. ಒಂದು ಮೂಟೆಯ ಅರ್ಧ. ಅಳೆಯದೆ ಸುರಿದ ಉಪ್ಪು ಅತಿಯಾದರೂ ಯಂತ್ರ ನಿಲ್ಲುತ್ತದೆ, ಆಗ ಮತ್ತೆ ನೀರು ಚೆಲ್ಲಬೇಕು.

ನಾವು ಅಳೆದಾಗ ಉಪ್ಪು 4,200 ಇತ್ತು. ಸ್ಟೆಬಿಲೈಸರ್ 10 ಮಾತ್ರ. ಹಿಂದಿನ ಮಳೆಗಾಲ ಅದನ್ನು ತೊಳೆದು ಒಯ್ದಿತ್ತು. ಅದನ್ನು 40ಕ್ಕೆ ಏರಿಸಿದೆವು. ಬೆಳಗ್ಗೆ ಗೋಡೆ ತಿಕ್ಕಿ, ಎರಡನೆಯ ರಾತ್ರಿಯೂ ಕ್ಲೋರಿನ್ ಹಾಕಿದೆವು. ಮಲಗುವ ಮುಂಚೆ 7 ಇದ್ದದ್ದು ಬೆಳಗ್ಗೆ ಆರೂವರೆ. ಭಾವ ಟೈಮರನ್ನು 9 ಗಂಟೆಗೆ ತಿರುಗಿಸಿದರು. ಮಕ್ಕಳು ಆ ವಾರಾಂತ್ಯ ತೋಟದ ಪೈಪಿನಲ್ಲೇ ನೀರಾಡಿ, ಕ್ಲೋರಿನ್ 3ಕ್ಕೆ ಇಳಿದ ಬುಧವಾರ ಸಂಜೆ ಕೊಳಕ್ಕೆ ಹಾರಿದರು. ಉಪ್ಪಿನ ಎರಡು ಮೂಟೆಗಳನ್ನು ಅಕ್ಕ ಗ್ಯಾರೇಜಿನ ಹಲಗೆಯ ಮೇಲೆ ಎತ್ತಿಸಿ ಇಟ್ಟಳು, ಫೆಬ್ರವರಿಯ ಮಳೆ ಕಳೆದ ಮೇಲೆ ಬೇಕಾದೀತೆಂದು.